‘ಕ್ಲೀವ್’: ಸೀಳುವುದಕ್ಕೂ ಅದೇ, ಅಂಟುವುದಕ್ಕೂ ಅದೇ

ನಮ್ಮ ಅಡುಗೆಮನೆ, ಹಿತ್ತಿಲು, ತೋಟಗಳಲ್ಲಿ ಒಂದು ದಿನ ಓಡಾಡಿ ಬಂದರೆ ಕತ್ತರಿಸುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ಎಂದು ತಿಳಿಯುತ್ತದೆ. ತರಕಾರಿ ಹೆಚ್ಚುತ್ತೇವೆ, ಹುಲ್ಲು ಕೊಯ್ಯುತ್ತೇವೆ, ಮರ ಕಡಿಯುತ್ತೇವೆ, ಮಾಂಸ ಕೊಚ್ಚುತ್ತೇವೆ, ಬಟ್ಟೆ ಕತ್ತರಿಸುತ್ತೇವೆ, ಸೌದೆ ಸೀಳುತ್ತೇವೆ. ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಕಿವಿಗೆ ಒಗ್ಗುವುದಿಲ್ಲ. ‘ಬೀನ್ಸ್ ಕಡಿದೆ’ ಎಂದರೆ ಕೇಳಿದವರು ಕೈಯಲ್ಲಿ ಚಾಕು ಇತ್ತೋ ಕೊಡಲಿ ಇತ್ತೋ ಎಂದು ನೋಡುತ್ತಾರೆ.

ಇಂಗ್ಲಿಷ್‌ಗೆ ಬಂದಾಗ ಮಾತ್ರ ನಾವು ಈ ಸೂಕ್ಷ್ಮವನ್ನೆಲ್ಲ ಮರೆತು ಎಲ್ಲದಕ್ಕೂ ‘ಕಟ್’ ಹಿಡಿದುಕೊಳ್ಳುತ್ತೇವೆ. ಮಾತಾಡಲು ಅದು ಸಾಕಾಗಬಹುದು, ಓದಲು ಸಾಲದು. ಅದರಲ್ಲೂ ‘ಕ್ಲೀವ್’ ಎಂಬ ಕ್ರಿಯಾಪದ ಎದುರಾದಾಗ ಸಾಲುವುದೇ ಇಲ್ಲ. ಅನುವಾದಕ್ಕೆ ಕೈಹಾಕಿದ ಹೊಸತರಲ್ಲಿ ಒಂದು ಹಳೆಯ ಪತ್ರದಲ್ಲಿ ‘ದೇ ಕ್ಲೀವ್ಡ್ ಟು ದಿ ಓಲ್ಡ್ ಕಸ್ಟಮ್ಸ್’ ಎಂಬ ಸಾಲು ಬಂದಿತ್ತು. ಕ್ಲೀವ್ ಎಂದರೆ ಸೀಳು ಎಂದಷ್ಟೇ ತಿಳಿದಿದ್ದ ನಾನು ‘ಹಳೆಯ ಪದ್ಧತಿಗಳನ್ನು ಕಡಿದುಕೊಂಡರು’ ಎಂದು ಬರೆದೆ. ಅಲ್ಲಿದ್ದ ಅರ್ಥ ಅದಕ್ಕೆ ಪೂರ್ತಿ ವಿರುದ್ಧ: ಅವರು ಹಳೆಯ ಪದ್ಧತಿಗಳಿಗೇ ಅಂಟಿಕೊಂಡಿದ್ದರು. ಒಂದು ಮನೆತನದ ನಡವಳಿಕೆಯನ್ನೇ ತಿರುವುಮುರುವು ಮಾಡಿಬಿಟ್ಟಿದ್ದೆ. ಆಮೇಲೆ ಈ ಒಂದು ಪದದ ಹಿಂದೆ ಬಿದ್ದು ಕಲಿತದ್ದನ್ನು, ಕಲಿತ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ‘ಸೀಳು’ ಎಂದೇ ಮನಸ್ಸಿನಲ್ಲಿ ಕೂರಿಸಿಕೊಳ್ಳಿ

‘ಕತ್ತರಿಸು’ ಎಂಬ ಅರ್ಥ ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ. ಕ್ಲೀವ್ ಪದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾಗಿ ಕೂರುವ ಮಾತು ‘ಸೀಳು’. ಇವೆರಡರ ವ್ಯತ್ಯಾಸ ತಿಳಿಯಬೇಕಾದರೆ ಮೇದಾರರು ಬಿದಿರು ಸೀಳುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಹಸಿ ಬಿದಿರಿನ ತುದಿಗೆ ಕತ್ತಿಯ ಬಾಯಿ ಇಟ್ಟು ಹಿಂದಿನಿಂದ ಒಂದು ಏಟು ಕೊಡುತ್ತಾರೆ. ಕತ್ತಿ ಒಳಗಿಳಿದ ಮೇಲೆ ಅದನ್ನು ತುಸು ತಿರುಚುತ್ತಾರೆ. ‘ಚಟ್’ ಎಂದು ಒಂದು ಸದ್ದು, ಬಿದಿರು ಉದ್ದಕ್ಕೂ ಬಾಯಿಬಿಡುತ್ತದೆ. ಗೆಣ್ಣು ಬಂದಾಗ ಮಾತ್ರ ಇನ್ನೊಂದು ಒತ್ತು ಬೇಕು. ಗೆಣ್ಣಿನಿಂದ ಗೆಣ್ಣಿಗೆ ಸೀಳು ತಾನಾಗಿಯೇ ಓಡುತ್ತದೆ, ಅಲ್ಲಿ ಕತ್ತಿ ಕೊಯ್ಯುವುದೇ ಇಲ್ಲ. ಬಿದಿರಿನ ನಾರು ಯಾವ ಕಡೆಗೆ ಹರಿದಿದೆಯೋ ಆ ಕಡೆಗೆ ದಾರಿ ಬಿಡಿಸಿ ಕೊಡುತ್ತದೆ, ಅಷ್ಟೇ.

ಕ್ಲೀವ್ ಎಂದರೆ ಇದು. ವಸ್ತುವಿನ ಒಳಗೇ ಬೇರ್ಪಡುವ ಗೆರೆಯೊಂದಿದೆ, ನೀವು ಆ ಗೆರೆಗುಂಟ ಅದನ್ನು ಬಿಡಿಸುತ್ತೀರಿ. ಅದೇ ಬಿದಿರನ್ನು ಗರಗಸದಿಂದ ಅಡ್ಡಕ್ಕೆ ಕೊಯ್ದರೆ ಅದು ಕಟ್, ಕ್ಲೀವ್ ಅಲ್ಲ. ಕೊಡಲಿ ಸೌದೆಯನ್ನು ಇಬ್ಭಾಗ ಮಾಡಿದರೆ ಕ್ಲೀವ್. ಕತ್ತರಿ ಕಾಗದವನ್ನು ಎರಡು ಮಾಡಿದರೆ ಕಟ್. ಹಡಗು ಅಲೆಯನ್ನು, ಬಾಣ ಗಾಳಿಯನ್ನು ಕ್ಲೀವ್ ಮಾಡುತ್ತವೆ ಎಂದು ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ನಾವೂ ‘ನೀರು ಸೀಳಿಕೊಂಡು’, ‘ಗಾಳಿ ಸೀಳಿಕೊಂಡು’ ಎನ್ನುತ್ತೇವಲ್ಲ, ‘ಗಾಳಿ ಕತ್ತರಿಸಿಕೊಂಡು’ ಎನ್ನುವುದಿಲ್ಲ. ಈ ಹೆಜ್ಜೆಯಲ್ಲಿ ಕನ್ನಡಿಗರಿಗೆ ಅನುಕೂಲ ಹೆಚ್ಚು. ಇಂಗ್ಲಿಷ್ ಪದಕ್ಕೆ ಬೇಕಾದ ಕಿವಿ ನಮಗೆ ಮೊದಲೇ ಇದೆ.

ಹೆಜ್ಜೆ 2: ಇದು ಒಂದು ಪದವಲ್ಲ, ಎರಡು ಎಂದು ತಿಳಿಯಿರಿ

ಸಿ, ಎಲ್, ಇ, ಎ, ವಿ, ಇ. ಇದೇ ಆರು ಅಕ್ಷರಗಳಲ್ಲಿ, ‘ಲೀವ್’ಗೆ ಪ್ರಾಸವಾಗುವ ಇದೇ ಉಚ್ಚಾರದಲ್ಲಿ, ಇಂಗ್ಲಿಷ್‌ನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿವೆ. ಒಂದು ಸೀಳುವುದು, ಇನ್ನೊಂದು ಅಂಟಿಕೊಳ್ಳುವುದು. ಒಂದೇ ಪದಕ್ಕೆ ಎರಡು ವಿರುದ್ಧ ಅರ್ಥ ಎಂದು ಹಲವರು ಬೆರಗಾಗುತ್ತಾರೆ. ನಿಜದಲ್ಲಿ ಇವು ಅಕ್ಕಪಕ್ಕದ ಮನೆಯವರೇ ಹೊರತು ಒಂದೇ ಮನೆಯವರಲ್ಲ.

ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ಸೀಳುವುದಕ್ಕೆ ‘ಕ್ಲೇಒವನ್’ ಎಂಬಂತೆ ಕೇಳುವ ಪದವಿತ್ತು, ಅಂಟುವುದಕ್ಕೆ ‘ಕ್ಲಿವಿಯನ್’ ಎಂಬಂತೆ ಕೇಳುವ ಬೇರೆಯೇ ಪದವಿತ್ತು. ಶತಮಾನಗಳು ಕಳೆದಂತೆ ಸ್ವರಗಳು ಬದಲಾಗಿ, ಕೊನೆಯ ಉಚ್ಚಾರಗಳು ಸವೆದು, ಎರಡೂ ಒಂದೇ ರೂಪಕ್ಕೆ ಬಂದು ನಿಂತವು. ಜರ್ಮನ್ ಭಾಷೆಯಲ್ಲಿ ಇವು ಇವತ್ತಿಗೂ ಬೇರೆಯಾಗಿಯೇ ಉಳಿದಿವೆ: ಸೀಳುವುದು ‘ಕ್ಲೀಬನ್’, ಅಂಟುವುದು ‘ಕ್ಲೇಬನ್’.

ಇಂಥದ್ದು ಕನ್ನಡಕ್ಕೆ ಹೊಸದೇನಲ್ಲ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ನಡುವಿನ ಅಕ್ಷರ ಬೇರೆ, ಉಚ್ಚಾರ ಬೇರೆ. ಶಕಟರೇಫ ಎನ್ನುವ ಆ ‘ಱ’ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಎರಡೂ ‘ಅರಿ’ಯೇ ಆದವು. ಇವತ್ತು ಹಳೆಯ ಪದ್ಯದಲ್ಲಿ ‘ಅರಿದು’ ಎಂದು ಸಿಕ್ಕರೆ ತಿಳಿದೋ ಕತ್ತರಿಸಿಯೋ ಎಂದು ಹಿಂದುಮುಂದು ನೋಡಿಯೇ ಹೇಳಬೇಕು. ‘ಹೆಚ್ಚು’ ನೋಡಿ. ‘ಬೆಲೆ ಹೆಚ್ಚಿದೆ’ ಎಂದಾಗಲೂ ‘ಈರುಳ್ಳಿ ಹೆಚ್ಚಿದೆ’ ಎಂದಾಗಲೂ ನಮಗೆ ಗೊಂದಲವಾಗುವುದಿಲ್ಲ, ಏಕೆಂದರೆ ಜೊತೆಗಿರುವ ಪದ ಅರ್ಥವನ್ನು ಕೈಹಿಡಿದು ತೋರಿಸುತ್ತದೆ. ಕ್ಲೀವ್ ಪದವನ್ನೂ ಹಾಗೆಯೇ ಓದಬೇಕು.

ಹೆಜ್ಜೆ 3: ಪಕ್ಕದ ಪದ ನೋಡಿ

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕ್ಲೀವ್ ಆದ ಕೂಡಲೇ ‘ಟು’ ಅಥವಾ ‘ಅನ್‌ಟು’ ಬಂದರೆ ಅದು ಅಂಟುವ ಕ್ಲೀವ್. ‘ಟು’ ಇಲ್ಲದೆ ನೇರವಾಗಿ ವಸ್ತುವಿನ ಹೆಸರು ಬಂದರೆ, ಅಥವಾ ‘ಇನ್ ಟೂ’, ‘ಥ್ರೂ’ ಬಂದರೆ ಸೀಳುವ ಕ್ಲೀವ್.

‘ದಿ ವೆಟ್ ಶರ್ಟ್ ಕ್ಲೀವ್ಡ್ ಟು ಹಿಸ್ ಬ್ಯಾಕ್’: ಒದ್ದೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ‘ದಿ ಬ್ಲೋ ಕ್ಲೋವ್ ದಿ ಶೀಲ್ಡ್ ಇನ್ ಟೂ’: ಆ ಏಟಿಗೆ ಗುರಾಣಿ ಎರಡು ಹೋಳಾಯಿತು. ಒಂದು ಎಚ್ಚರಿಕೆ: ‘ಇನ್‌ಟು’ ಪದದ ಬಾಲದಲ್ಲೂ ‘ಟು’ ಇದೆ. ಅದನ್ನು ನೋಡಿ ಮೋಸಹೋಗಬೇಡಿ, ‘ಇನ್‌ಟು’ ಸೀಳುವ ಕಡೆಯದು.

1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನ ಆದಿಕಾಂಡ ಒಂದರಲ್ಲೇ ಎರಡೂ ಸಿಗುತ್ತವೆ. ಎರಡನೆಯ ಅಧ್ಯಾಯದಲ್ಲಿ ಗಂಡಸು ತಂದೆತಾಯಿಯನ್ನು ಬಿಟ್ಟು ಹೆಂಡತಿಗೆ ‘ಕ್ಲೀವ್ ಅನ್‌ಟು’ ಮಾಡುತ್ತಾನೆ, ಎಂದರೆ ಅವಳೊಂದಿಗೆ ಒಂದಾಗಿ ನಿಲ್ಲುತ್ತಾನೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅಬ್ರಹಾಮನು ಹೋಮದ ಬಲಿಗೆ ಬೇಕಾದ ಕಟ್ಟಿಗೆಯನ್ನು ‘ಕ್ಲೇವ್’ ಮಾಡುತ್ತಾನೆ, ಎಂದರೆ ಸೀಳುತ್ತಾನೆ. ಕ್ಲೇವ್ ಎನ್ನುವುದು ಆ ಕಾಲದ ಭೂತಕಾಲ ರೂಪ. ಓದಿದಾಗ ಗುರುತಿಸಿದರೆ ಸಾಕು, ಬರೆಯಬೇಕಾಗಿಲ್ಲ.

ಹೆಜ್ಜೆ 4: ರೂಪಗಳನ್ನು ಜೋಡಿಯಾಗಿ ಕಲಿಯಿರಿ

ಅಂಟುವ ಕ್ಲೀವ್ ಸುಲಭ: ಭೂತಕಾಲದಲ್ಲಿ ‘ಕ್ಲೀವ್ಡ್’, ಅಷ್ಟೇ. ಸೀಳುವ ಕ್ಲೀವ್‌ಗೆ ಮೂರು ದಾರಿಗಳಿವೆ, ಮೂರೂ ಸರಿ.

ಮೊದಲನೆಯದು ಹಳೆಯ ದಾರಿ: ಕ್ಲೀವ್, ಕ್ಲೋವ್, ಕ್ಲೋವನ್. ನೇಯುವ ‘ವೀವ್’ ಜೊತೆಗಿಟ್ಟು ಬಾಯಿಪಾಠ ಮಾಡಿ: ವೀವ್, ವೋವ್, ವೋವನ್. ಎರಡನೆಯದು: ಕ್ಲೀವ್, ಕ್ಲೆಫ್ಟ್, ಕ್ಲೆಫ್ಟ್. ಇದಕ್ಕೆ ಜೋಡಿ ‘ಲೀವ್, ಲೆಫ್ಟ್, ಲೆಫ್ಟ್’. ಮೂರನೆಯದು ಎಲ್ಲಕ್ಕಿಂತ ಸರಳ: ಕ್ಲೀವ್ಡ್. ವಿಜ್ಞಾನದ ಬರಹದಲ್ಲಿ ಇವತ್ತು ನಡೆಯುವುದು ಹೆಚ್ಚಾಗಿ ಈ ಮೂರನೆಯದೇ. ಕಿಣ್ವವೊಂದು ಪ್ರೋಟೀನನ್ನು ತುಂಡು ಮಾಡಿತು ಎನ್ನಲು ‘ಕ್ಲೀವ್ಡ್’ ಎನ್ನುತ್ತಾರೆ, ‘ಕ್ಲೋವ್’ ಎಂದರೆ ಪುರಾಣ ಓದಿದ ಹಾಗಾಗುತ್ತದೆ. ಕಥೆ, ಕವಿತೆಗಳಲ್ಲಿ ಕ್ಲೋವ್ ಚೆನ್ನ.

ಆದರೆ ವಿಶೇಷಣವಾಗಿ ಬಂದಾಗ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಸೀಳು ಗೊರಸು ‘ಕ್ಲೋವನ್ ಹೂಫ್’. ಸೀಳು ತುಟಿ ‘ಕ್ಲೆಫ್ಟ್ ಲಿಪ್’, ಸೀಳು ಅಂಗುಳ ‘ಕ್ಲೆಫ್ಟ್ ಪ್ಯಾಲೆಟ್’. ಇವನ್ನು ಅದಲುಬದಲು ಮಾಡುವಂತಿಲ್ಲ. ‘ಕ್ಲೋವನ್ ಲಿಪ್’ ಎಂದು ಯಾವ ವೈದ್ಯರೂ ಬರೆಯುವುದಿಲ್ಲ. ಎರಡೂ ಕಡೆ ನಾವು ‘ಸೀಳು’ ಎಂಬ ಒಂದೇ ಪದದಲ್ಲಿ ಮುಗಿಸುವುದರಿಂದ ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ಇಲ್ಲಿ ತುಸು ಜಾಗ್ರತೆ ಬೇಕು.

ಕ್ಲೋವನ್ ಹೂಫ್ ಹೈನುಗಾರರಿಗೆ ನಿಜಕ್ಕೂ ಬೇಕಾದ ಪದ. ಕಾಲುಬಾಯಿ ಜ್ವರದ ಬಗ್ಗೆ ಇಂಗ್ಲಿಷ್‌ನಲ್ಲಿರುವ ಯಾವ ಬರಹ ತೆರೆದರೂ ಈ ರೋಗ ‘ಕ್ಲೋವನ್ ಹೂಫ್ಡ್ ಅನಿಮಲ್ಸ್’ಗೆ ಬರುತ್ತದೆ ಎಂದಿರುತ್ತದೆ. ಅಂದರೆ ಗೊರಸು ಎರಡಾಗಿ ಸೀಳಿರುವ ದನ, ಎಮ್ಮೆ, ಕುರಿ, ಮೇಕೆ, ಹಂದಿಗಳಿಗೆ. ಕುದುರೆ, ಕತ್ತೆಗಳದು ಒಂಟಿ ಗೊರಸು, ಅವುಗಳಿಗೆ ಈ ರೋಗ ಬರುವುದಿಲ್ಲ. ಆ ಒಂದು ವಿಶೇಷಣ ತಿಳಿದಿದ್ದರೆ ಕೊಟ್ಟಿಗೆಯಲ್ಲಿ ಯಾವ ಪ್ರಾಣಿಯ ಮೇಲೆ ಕಣ್ಣಿಡಬೇಕು ಎಂಬುದು ಗೊತ್ತಾಗುತ್ತದೆ.

ಹೆಜ್ಜೆ 5: ಅಡುಗೆಯ ‘ಕ್ಲೋವ್’ ಎರಡನ್ನೂ ಬೇರೆ ಮಾಡಿ

ಇಂಗ್ಲಿಷ್ ಅಡುಗೆ ವಿಧಾನದಲ್ಲಿ ‘ಫೋರ್ ಕ್ಲೋವ್ಸ್’ ಎಂದಿದ್ದರೆ ನಾಲ್ಕು ಲವಂಗವೋ, ನಾಲ್ಕು ಎಸಳು ಬೆಳ್ಳುಳ್ಳಿಯೋ? ನಾಲ್ಕು ಎಸಳು ಬೆಳ್ಳುಳ್ಳಿಯ ಜಾಗಕ್ಕೆ ನಾಲ್ಕು ಲವಂಗ ಅರೆದು ಹಾಕಿದರೆ ಆ ಸಾರು ಬಾಯಿಗಿಡಲಾಗುವುದಿಲ್ಲ.

ಇವೂ ಎರಡು ಬೇರೆ ಪದಗಳೇ. ಬೆಳ್ಳುಳ್ಳಿಯ ಕ್ಲೋವ್ ನಮ್ಮ ಸೀಳುವ ಕ್ಲೀವ್‌ನ ಸ್ವಂತ ಬಳಗ. ಗಡ್ಡೆ ತನ್ನದೇ ಗೆರೆಗಳಲ್ಲಿ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ, ಚಾಕು ಬೇಕಿಲ್ಲ. ಮೊದಲ ಹೆಜ್ಜೆಯಲ್ಲಿ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಲವಂಗದ ಕ್ಲೋವ್ ಬಂದದ್ದು ಫ್ರೆಂಚ್‌ನ ‘ಕ್ಲೂ’ ಎಂಬ ಪದದಿಂದ, ಅದರ ಹಿಂದೆ ಲ್ಯಾಟಿನ್‌ನ ‘ಕ್ಲಾವುಸ್’ ಇದೆ. ಎರಡಕ್ಕೂ ಅರ್ಥ ಮೊಳೆ. ಒಂದು ಲವಂಗವನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಪುಟ್ಟ ತಲೆ, ಕೆಳಗೆ ಸಣ್ಣ ಕಡ್ಡಿ. ಮೊಳೆಯೇ.

ಗುರುತು ಹಿಡಿಯುವುದು ಹೀಗೆ. ‘ಗಾರ್ಲಿಕ್’ ಎಂದು ಪಕ್ಕದಲ್ಲಿದ್ದರೆ ಮಾತೇ ಇಲ್ಲ. ಇಲ್ಲದಿದ್ದರೆ ಸಿಪ್ಪೆ ಸುಲಿಯಿರಿ, ಜಜ್ಜಿರಿ, ಸಣ್ಣಗೆ ಹೆಚ್ಚಿ ಎಂದಿದೆಯೇ ನೋಡಿ, ಅದು ಬೆಳ್ಳುಳ್ಳಿ. ‘ಹೋಲ್’ ಅಥವಾ ‘ಗ್ರೌಂಡ್’ ಎಂದಿದ್ದು ಚಕ್ಕೆ, ಏಲಕ್ಕಿಗಳ ಸಾಲಿನಲ್ಲಿ ಕೂತಿದ್ದರೆ ಲವಂಗ.

ಅಡುಗೆಮನೆಯಲ್ಲೇ ಇರುವಾಗ ಇನ್ನೊಂದು: ಮಾಂಸದಂಗಡಿಯಲ್ಲಿ ಮೂಳೆ ಸಮೇತ ಕಡಿಯುವ ಅಗಲ ಅಲಗಿನ ಕತ್ತಿ ‘ಕ್ಲೀವರ್’. ಜಾಣ ಎಂಬ ಅರ್ಥದ ‘ಕ್ಲೆವರ್’ ಬೇರೆ. ಮೊದಲನೆಯದಕ್ಕೆ ದೀರ್ಘ ಬೇಕೇ ಬೇಕು.

ಹೆಜ್ಜೆ 6: ‘ಕ್ಲೀವೇಜ್’ ಪದವನ್ನು ವಿಷಯ ನೋಡಿ ಅರ್ಥಮಾಡಿ

ಪಿಯುಸಿ ವಿಜ್ಞಾನದ ಮಕ್ಕಳಿಗೆ ಈ ಪದ ಬೇರೆ ಬೇರೆ ಪಾಠಗಳಲ್ಲಿ ಸಿಗುತ್ತದೆ, ಪ್ರತಿ ಸಲ ಹೊಸದೇನೋ ಎಂಬಂತೆ ಉರುಹೊಡೆಯುತ್ತಾರೆ. ಅದು ನೋಡಿ ನನಗೆ ಸಂಕಟವಾಗುತ್ತದೆ, ಏಕೆಂದರೆ ಎಲ್ಲ ಕಡೆಯೂ ಅದು ಒಂದೇ ‘ಸೀಳಿಕೆ’.

ಜೀವಶಾಸ್ತ್ರದಲ್ಲಿ ಫಲಿತಗೊಂಡ ಅಂಡ ಒಂದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುವುದು ಕ್ಲೀವೇಜ್. ಜೈವಿಕ ತಂತ್ರಜ್ಞಾನದ ಪಾಠದಲ್ಲಿ ‘ಇಕೋ ಆರ್ ಒನ್’ ಎಂಬ ಕಿಣ್ವ ಡಿಎನ್‌ಎ ಎಳೆಯಲ್ಲಿ ಜಿ ಎ ಎ ಟಿ ಟಿ ಸಿ ಎಂಬ ಸಾಲನ್ನು ಹುಡುಕಿ ಜಿ ಮತ್ತು ಎ ನಡುವೆ ಬಿಡಿಸುತ್ತದೆ. ಅದೂ ಕ್ಲೀವೇಜ್. ಕಂಡಕಂಡಲ್ಲಿ ಕತ್ತರಿಸದೆ ಗೊತ್ತಾದ ಜಾಗದಲ್ಲೇ ಬಿಡಿಸುವುದರಿಂದ ಆ ಕ್ರಿಯಾಪದ ಅಲ್ಲಿ ಒಪ್ಪುತ್ತದೆ. ರಸಾಯನಶಾಸ್ತ್ರದಲ್ಲಿ ಎರಡು ಪರಮಾಣುಗಳ ಬಂಧ ಬಿಡುವಾಗ ಜೋಡಿ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಹಂಚಿಕೊಂಡರೆ ‘ಹೋಮೋಲಿಟಿಕ್ ಕ್ಲೀವೇಜ್’, ಎರಡನ್ನೂ ಒಂದೇ ಪರಮಾಣು ಎತ್ತಿಕೊಂಡು ಹೋದರೆ ‘ಹೆಟೆರೋಲಿಟಿಕ್ ಕ್ಲೀವೇಜ್’. ಅಣ್ಣತಮ್ಮಂದಿರು ಪಾಲಾಗುವುದನ್ನು ನೆನೆಸಿಕೊಂಡರೆ ಇವೆರಡು ಮತ್ತೆ ಅದಲುಬದಲಾಗುವುದಿಲ್ಲ.

ಎಲ್ಲಕ್ಕಿಂತ ಸೊಗಸಾಗಿ ಇದು ಕಾಣಿಸುವುದು ಖನಿಜಗಳಲ್ಲಿ. ಕಾಗೆಬಂಗಾರದ ಚೂರೊಂದು ಸಿಕ್ಕರೆ ಉಗುರಿನಿಂದ ಅಂಚನ್ನು ಎಬ್ಬಿಸಿ. ಹಾಳೆಯ ಮೇಲೆ ಹಾಳೆ ಬಿಡಿಸಿಕೊಂಡು ಬರುತ್ತದೆ, ಕೊನೆಗೆ ಬೆಳಕು ತೂರುವಷ್ಟು ತೆಳ್ಳಗಾಗುತ್ತದೆ. ಅದಕ್ಕೆ ಒಂದೇ ದಿಕ್ಕಿನ ಕ್ಲೀವೇಜ್. ಅಡುಗೆಮನೆಯ ಕಲ್ಲುಪ್ಪಿನಿಂದ ಒಂದು ದೊಡ್ಡ ಹರಳು ಆರಿಸಿ ಕುಟ್ಟಾಣಿಯಿಂದ ಮೆಲ್ಲಗೆ ಕುಟ್ಟಿ, ಚೂರುಗಳನ್ನು ಬೆಳಕಿಗೆ ಹಿಡಿಯಿರಿ. ಚಪ್ಪಟೆ ಮೈ, ನೇರ ಮೂಲೆ. ಅದಕ್ಕೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕುಗಳಲ್ಲಿ ಕ್ಲೀವೇಜ್ ಇದೆ. ಬೆಣಚುಕಲ್ಲಿಗೆ ಎದ್ದು ಕಾಣುವ ಕ್ಲೀವೇಜ್ ಇಲ್ಲ. ಅದನ್ನು ಒಡೆದರೆ ಗಾಜಿನ ಹಾಗೆ ಎತ್ತಂದರತ್ತ ಒಡೆಯುತ್ತದೆ.

ವಜ್ರಕ್ಕೆ ನಾಲ್ಕು ದಿಕ್ಕು. ಜಗತ್ತಿನಲ್ಲೇ ಗಟ್ಟಿ ಎನಿಸಿಕೊಂಡ ವಜ್ರವನ್ನು ಏಟು ಕೊಟ್ಟು ಹೋಳು ಮಾಡಬಹುದು, ಆ ಗೆರೆ ಗೊತ್ತಿದ್ದರೆ. 1905ರಲ್ಲಿ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಸಿಕ್ಕ ಕಲಿನನ್ ವಜ್ರ 3,106 ಕ್ಯಾರಟ್ ತೂಗುತ್ತಿತ್ತು, ಅಂದರೆ ಅರ್ಧ ಕಿಲೋಗಿಂತ ಜಾಸ್ತಿ. 1908ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜೋಸೆಫ್ ಆಶರ್ ಅದರ ಮೇಲೆ ಮೊದಲು ಒಂದು ಗೀರು ತೋಡಿ, ಅದರಲ್ಲಿ ಉಕ್ಕಿನ ಅಲಗು ಕೂರಿಸಿ ಹೊಡೆದರು. ಮೊದಲ ಪ್ರಯತ್ನದಲ್ಲಿ ಮುರಿದದ್ದು ಅಲಗು. ಆಮೇಲೆ ವಜ್ರ ಬಿಟ್ಟುಕೊಟ್ಟಿತು. ಅದರಿಂದ ಒಂಬತ್ತು ದೊಡ್ಡ ಹರಳುಗಳಾದವು, ದೊಡ್ಡದು 530 ಕ್ಯಾರಟ್‌ನದು. ಇಂಗ್ಲಿಷ್‌ನಲ್ಲಿ ವಜ್ರಕ್ಕೆ ಹೊಳಪಿನ ಮುಖಗಳನ್ನು ತರುವ ಇಡೀ ಕೆಲಸಕ್ಕೆ ‘ಕಟಿಂಗ್’ ಎಂದರೂ ಈ ಒಂದು ಏಟಿಗೆ ಮಾತ್ರ ‘ಕ್ಲೀವಿಂಗ್’ ಎನ್ನುವುದು ಇದಕ್ಕೇ.

ರಾಜ್ಯಶಾಸ್ತ್ರದಲ್ಲಿ ‘ಸೋಷಿಯಲ್ ಕ್ಲೀವೇಜ್’ ಎಂದರೆ ಸಮಾಜ ಬಿರುಕುಬಿಡುವ ಗೆರೆ. 1967ರಲ್ಲಿ ಲಿಪ್ಸೆಟ್ ಮತ್ತು ರೊಕ್ಕಾನ್ ಎಂಬ ವಿದ್ವಾಂಸರು ಯುರೋಪಿನ ಪಕ್ಷಗಳು ಹುಟ್ಟಿದ ಬಗೆಯನ್ನು ಇಂಥ ನಾಲ್ಕು ಗೆರೆಗಳಿಂದ ವಿವರಿಸಿದ್ದರು. ಉಡುಪಿನ ವಿಚಾರ ಬಂದಾಗ ಈ ಪದಕ್ಕೆ ಹೆಂಗಸರ ಎದೆಯ ನಡುವಿನ ಗೆರೆ ಎಂಬ ಅರ್ಥವೂ ಇದೆ. ತರಗತಿಯಲ್ಲಿ ಮಕ್ಕಳು ಮುಸಿಮುಸಿ ನಕ್ಕರೆ ಗದರಬೇಡಿ, ಮೂಲ ಅರ್ಥ ವಿವರಿಸಿ ಮುಂದೆ ಹೋಗಿ.

ಹೆಜ್ಜೆ 7: ಬಳಗದವರನ್ನು ಪರಿಚಯ ಮಾಡಿಕೊಳ್ಳಿ

ಸೀಳುವ ಕ್ಲೀವ್‌ಗೆ ಗ್ರೀಕ್‌ನಲ್ಲಿ ಒಬ್ಬ ದಾಯಾದಿ ಇದ್ದಾನೆ: ಕೆತ್ತು ಎಂಬ ಅರ್ಥದ ‘ಗ್ಲುಫೆಯ್ನ್’. ಈಜಿಪ್ಟಿನ ಚಿತ್ರಲಿಪಿಗೆ ‘ಹೈರೊಗ್ಲಿಫ್’ ಎನ್ನುತ್ತಾರಲ್ಲ, ಅದರ ಬಾಲ ಅಲ್ಲಿಯದು. ಪವಿತ್ರ ಕೆತ್ತನೆ ಎಂದು ಅದರ ಅರ್ಥ. ಕಂಪ್ಯೂಟರ್‌ಗೆ ಕನ್ನಡ ಫಾಂಟ್ ಮಾಡುವವರು ಒಂದೊಂದು ಅಕ್ಷರರೂಪಕ್ಕೂ ‘ಗ್ಲಿಫ್’ ಎನ್ನುತ್ತಾರೆ. ಹೀಗೆ ನಮ್ಮ ಒತ್ತಕ್ಷರಗಳೂ ಈ ನಂಟಿನೊಳಗೆ ಬಂದವು.

ಅಂಟುವ ಕ್ಲೀವ್‌ನ ಬಳಗ ಬೇರೆ. ಜೇಡಿಮಣ್ಣಿನ ‘ಕ್ಲೇ’, ಗೋಂದಿನ ‘ಗ್ಲೂ’ ಎರಡೂ ಆ ಕಡೆಯವು. ಯುರೋಪಿನ ಬೇಲಿಗಳಲ್ಲಿ ಬೆಳೆದು ಬಟ್ಟೆಗೆ ಹತ್ತಿಕೊಳ್ಳುವ ಒಂದು ಕಳೆಗೆ ‘ಕ್ಲೀವರ್ಸ್’ ಎಂದೇ ಹೆಸರು. ನಮ್ಮ ಉತ್ತರಾಣಿ ಸೀರೆಯ ಅಂಚಿಗೆ ಹತ್ತಿಕೊಂಡು ಬರುವ ಹಾಗೆ.

ಇಂಗ್ಲಿಷ್ ವ್ಯಾಕರಣದಲ್ಲಿ ‘ಕ್ಲೆಫ್ಟ್ ಸೆಂಟೆನ್ಸ್’ ಎಂಬುದೊಂದಿದೆ. ‘ಮೈ ಗ್ರಾಂಡ್‌ಫಾದರ್ ಬಿಲ್ಟ್ ದಿಸ್ ಹೌಸ್’ ಎಂಬ ವಾಕ್ಯವನ್ನು ಸೀಳಿ ‘ಇಟ್ ವಾಸ್ ಮೈ ಗ್ರಾಂಡ್‌ಫಾದರ್ ಹೂ ಬಿಲ್ಟ್ ದಿಸ್ ಹೌಸ್’ ಎಂದು ಮಾಡುವುದು. ಇದನ್ನು ಕಷ್ಟವೆಂದು ಹೆದರುವವರಿಗೆ ನಾನು ಹೇಳುವುದಿಷ್ಟು: ‘ನಮ್ಮಜ್ಜ ಈ ಮನೆ ಕಟ್ಟಿದರು’ ಎನ್ನುವ ಬದಲು ‘ಈ ಮನೆ ಕಟ್ಟಿದ್ದು ನಮ್ಮಜ್ಜ’ ಎಂದು ಒತ್ತಿ ಹೇಳುತ್ತೇವಲ್ಲ, ಅದೇ ಇದು. ದಿನವೂ ಮಾಡುತ್ತಿರುವ ಕೆಲಸ.

‘ಇನ್ ಎ ಕ್ಲೆಫ್ಟ್ ಸ್ಟಿಕ್’ ಎಂಬ ನುಡಿಗಟ್ಟು ಬಂದರೆ ಸೀಳಿದ ಕೋಲನ್ನು ಹುಡುಕಬೇಡಿ. ಸೀಳಿನಲ್ಲಿ ಬೆರಳು ಸಿಕ್ಕಿದವನ ಪಾಡು ಅದು. ‘ಅಡಕತ್ತರಿಯಲ್ಲಿ ಸಿಕ್ಕ ಅಡಕೆ’ ಎಂದು ಬರೆದರೆ ಸರಿಹೋಗುತ್ತದೆ.

ಹೆಜ್ಜೆ 8: ಬರೆಯುವಾಗ ಕೈ ಹಿಡಿದು ಬಳಸಿ

ಓದಲು ಎಲ್ಲ ರೂಪಗಳೂ ಗೊತ್ತಿರಲಿ. ಬರೆಯುವಾಗ ಮಾತ್ರ ದಿನದ ಮಾತಿಗೆ ‘ಸ್ಪ್ಲಿಟ್’, ‘ಕಟ್’ ಸಾಕು. ಸೌದೆ ಸೀಳಿದ ವಿಚಾರವನ್ನು ಗೆಳೆಯರಿಗೆ ಬರೆಯುವಾಗ ‘ಐ ಕ್ಲೋವ್ ದಿ ವುಡ್’ ಎಂದರೆ ತಪ್ಪಲ್ಲ, ಆದರೆ ಹಬ್ಬದ ರೇಷ್ಮೆ ಉಟ್ಟು ಗದ್ದೆಗಿಳಿದ ಹಾಗೆ. ‘ಕ್ಲೀವ್ ಟು’ ಕೂಡ ಗಂಭೀರವಾದ ಮಾತು. ನಂಬಿಕೆ, ತತ್ವ, ಸಂಬಂಧಗಳಿಗೆ ಒಪ್ಪುತ್ತದೆ, ಅಂಚೆಚೀಟಿ ಲಕೋಟೆಗೆ ಅಂಟಿದ್ದಕ್ಕೆ ‘ಸ್ಟಿಕ್’ ಸಾಕು.

ಈಗ ನಾಲ್ಕು ವಾಕ್ಯ ಕೊಡುತ್ತೇನೆ, ಉತ್ತರ ನೋಡುವ ಮೊದಲು ನೀವೇ ಕನ್ನಡಕ್ಕೆ ತನ್ನಿ.

ಒಂದು: ‘ಮೈ ಟಂಗ್ ಕ್ಲೀವ್ಡ್ ಟು ದಿ ರೂಫ್ ಆಫ್ ಮೈ ಮೌತ್.’
ಎರಡು: ‘ಪೀಲ್ ಸಿಕ್ಸ್ ಕ್ಲೋವ್ಸ್ ಅಂಡ್ ಕ್ರಷ್ ದೆಮ್.’
ಮೂರು: ‘ದಿ ಎನ್‌ಜೈಮ್ ಕ್ಲೀವ್ಸ್ ದಿ ಪ್ರೋಟೀನ್ ಇನ್‌ಟು ಟೂ ಫ್ರಾಗ್ಮೆಂಟ್ಸ್.’
ನಾಲ್ಕು: ‘ಲೈಟ್ನಿಂಗ್ ಹ್ಯಾಡ್ ಕ್ಲೋವನ್ ದಿ ಟ್ರೀ ಫ್ರಮ್ ಟಾಪ್ ಟು ಬಾಟಮ್.’

ಮೊದಲನೆಯದರಲ್ಲಿ ಕ್ಲೀವ್ ಬೆನ್ನಿಗೇ ‘ಟು’ ಇದೆ: ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಬಾಯಿ ಒಣಗಿ ಮಾತು ಹೊರಡಲಿಲ್ಲ. ಎರಡನೆಯದು ಆರು ಎಸಳು ಬೆಳ್ಳುಳ್ಳಿ, ಸುಲಿದು ಜಜ್ಜಬೇಕು. ಮೂರನೆಯದು ಕಿಣ್ವ ಪ್ರೋಟೀನನ್ನು ಎರಡು ತುಂಡಾಗಿ ಬಿಡಿಸುತ್ತದೆ. ಅಲ್ಲಿರುವುದು ‘ಇನ್‌ಟು’, ಬರೀ ‘ಟು’ ಅಲ್ಲ. ನಾಲ್ಕನೆಯದರ ಕೊನೆಯಲ್ಲೂ ‘ಟು’ ಇದೆ, ಆದರೆ ಅದು ‘ಫ್ರಮ್ ಟಾಪ್’ ಜೊತೆಗಾರ, ಕ್ರಿಯಾಪದಕ್ಕೆ ತಾಗಿ ಬಂದದ್ದಲ್ಲ. ಕ್ರಿಯಾಪದಕ್ಕೆ ತಾಗಿರುವುದು ಮರ: ಸಿಡಿಲು ಬಡಿದು ಮರ ತುದಿಯಿಂದ ಬುಡದವರೆಗೆ ಸೀಳಿಹೋಗಿತ್ತು.